ಒರಳಿಗೆ ಸ್ಪಾನಿಷಿನಲ್ಲಿ ಏನೆನ್ನುತ್ತಾರೆ

ನಮ್ಮ ಮನೆಯೊಳಕ್ಕೆ ಬರುವವರು ಚಪ್ಪಲಿಯ ಜೊತೆಗೆ ತಮಿಳನ್ನೂ ಹೊರಗೆ ಬಿಟ್ಟು ಬರಬೇಕಾಗಿತ್ತು. ಜಗಲಿಯ ಮೇಲೆ ಕೂತ ಅಪ್ಪ ಗಾಡಿಯವರ ಜೊತೆ, ಸುಣ್ಣದ ಗೂಡಿನವರ ಜೊತೆ, ಕಂದಾಯ ಎತ್ತುವ ಊರ ಮಣಿಯಗಾರನ ಜೊತೆ ಗಂಟೆಗಟ್ಟಲೆ ತಮಿಳಿನಲ್ಲಿ ಹರಟುತ್ತಿದ್ದ. ಎಲೆಯಡಿಕೆ ಉಗಿದು ಹೊಸ್ತಿಲು ದಾಟಿದನೆಂದರೆ ಮನೆಮಾತು. ತಮಿಳು ಸೀಮೆಯ ಈ ಕಂಬಂ ಕಣಿವೆಗೆ ನಮ್ಮ ಹಿರಿಯರು ಯಾವಾಗ ಬಂದರೋ, ಯಾಕೆ ಬಂದರೋ, ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಿದ್ದರು. ದನಗಳನ್ನು ಮುಂದೆ ಬಿಟ್ಟುಕೊಂಡು ಬಂದರು ಎಂಬಲ್ಲಿ ಮಾತ್ರ ಎಲ್ಲರ ಕಥೆಯೂ ಒಂದೇ. ಮರೆತು ಯಾರಾದರೂ ನಡುಮನೆಯಲ್ಲಿ ತಮಿಳು ಆಡಿದರೆ ಅಜ್ಜಿ ಅಡುಗೆಮನೆಯಿಂದಲೇ, "ಯಾರ್ಲಾ ಅದು, ಒರಗ್ನೋರು ಬಂದವ್ರಾ?" ಎಂದು ಕೂಗುತ್ತಿದ್ದಳು. ಅಪ್ಪನ ಅವ್ವ ಅವಳು, ಮನೆಯ ಹಿರಿಯಳು. ಮನುಷ್ಯರ ಮಟ್ಟಿಗೆ ಅವಳು ಇಷ್ಟು ಗದರಿಸಿ ಬಿಟ್ಟುಬಿಡುತ್ತಿದ್ದಳು. ಆದರೆ ಮೂವರ ಜೊತೆ ಮನೆಮಾತು ಬಿಟ್ಟು ಬೇರೆ ಮಾತು ಆಡುವಂತೆಯೇ ಇರಲಿಲ್ಲ: ದೇವರು, ದನ, ಹಾಲು ಕುಡಿಯುವ ಕೂಸು. ಯಾಕೆಂದು ನಾನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಇಷ್ಟೇ:

"ಅವುಕ್ಕೆ ಬ್ಯಾರೆ ಮಾತು ತಿಳೀದು ಮರಿ. ತಿಳೀದ ಮಾತ್ನ ಯಾಕ್ ಆಡೋದು?"

ಆ ಮನೆಯಲ್ಲಿ ದನಗಳಿಗೂ ನಮಗೂ ನಡುವೆ ಮೊಣಕಾಲೆತ್ತರದ ಒಂದು ಮಣ್ಣಿನ ಕಟ್ಟೆ ಮಾತ್ರ ಇತ್ತು. ಅಂಗಳದ ಎಡಕ್ಕೆ ಕೊಟ್ಟಿಗೆ, ಅದಕ್ಕೆ ಅಂಟಿಕೊಂಡು ಅಡುಗೆಮನೆ. ಬೆಳಗಿನ ಹೊತ್ತು ಅಜ್ಜಿ ಮೊಸರು ಕಡೆಯಲು ಕೂತರೆ ಕಡೆಗೋಲಿನ ಸದ್ದಿಗೆ ಕರುಗಳು ಕಿವಿ ನಿಮಿರಿಸುತ್ತಿದ್ದವು. ಸಜ್ಜೆಯ ಅಂಬಲಿ, ಮಜ್ಜಿಗೆ, ಕೆಂಡದಲ್ಲಿ ಸುಟ್ಟ ಈರುಳ್ಳಿ, ಇದು ನಮ್ಮ ಊಟ. ಮೊದಲ ತುತ್ತು ಕೊಟ್ಟಿಗೆಯ ಹೋರಿಗೆ ಹೋಗಬೇಕು, ಆಮೇಲೆ ಗಂಡಸರು, ಆಮೇಲೆ ಮಕ್ಕಳು. ನಮ್ಮವರಿಗೆ ಊರಲ್ಲಿ ದೇವರ ಹೆಸರಿನ ದನದ ಹಿಂಡೊಂದು ಉಂಟು. ಅವನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ನಮ್ಮ ಕೊಟ್ಟಿಗೆಯ ಹೋರಿ ಆ ಹಿಂಡಿಗೆ ಹರಕೆ ಬಿಟ್ಟದ್ದು. ಅದರ ಮುಂದೆ ಅಪ್ಪನೂ ದನಿ ಎತ್ತುತ್ತಿರಲಿಲ್ಲ. ಈ ಬರವಣಿಗೆಯ ಕನ್ನಡ, ಈಗ ನೀವು ಓದುತ್ತಿರುವುದು, ಆ ಮನೆಯದಲ್ಲ. ಎಷ್ಟೋ ವರ್ಷಗಳ ಮೇಲೆ ಮೈಸೂರಿನ ಕಡೆ ಕೆಲಸಕ್ಕೆ ಹೋದಾಗ, ನಮ್ಮ ಮಾತಿಗೂ ಅಕ್ಷರ ಉಂಟೆಂದು ತಿಳಿದು ಬೀದಿಯಲ್ಲಿ ನಿಂತು ಅಂಗಡಿಯ ಹಲಗೆಯನ್ನು ಕಣ್ಣೀರಿಟ್ಟು ನೋಡಿದವನು ನಾನು. ಅಜ್ಜಿಗೆ ಅದು ಕೊನೆಯವರೆಗೂ ಗೊತ್ತಾಗಲಿಲ್ಲ. ಅವಳ ಲೆಕ್ಕದಲ್ಲಿ ನಮ್ಮ ಮಾತು ಇದ್ದದ್ದು ನಮ್ಮ ಬಾಯಲ್ಲಿ ಮಾತ್ರ. ಬಾಯಿ ಮುಚ್ಚಿದರೆ ಅದೂ ಮುಗಿಯಿತು.

ನನ್ನನ್ನು ದಿಂಡಿಗಲ್ಲಿನ ಹೈಸ್ಕೂಲಿಗೆ ಹಾಕಬೇಕೆಂದು ಅಪ್ಪನಿಗೆ ಅನ್ನಿಸಿದ್ದು ಬೆಟ್ಟದ ಮೇಲಿನ ಆಣೆಕಟ್ಟಿನಿಂದ. ಆಗ ಅದರ ಕೆಲಸ ನಡೆದಿತ್ತು. ಅಪ್ಪನ ಎರಡು ಗಾಡಿಗಳು ಸುಣ್ಣ ಹೊತ್ತು ಘಾಟಿ ಹತ್ತುತ್ತಿದ್ದವು. ಪಡುವಣಕ್ಕೆ ಹರಿಯುವ ಹೊಳೆಯನ್ನು ತಡೆದು, ಬೆಟ್ಟವನ್ನು ಕೊರೆದು, ನೀರನ್ನು ನಮ್ಮ ಕಣಿವೆಗೆ ತಿರುಗಿಸುತ್ತಾರಂತೆ ಎಂದು ಅವನು ಬಂದು ಹೇಳಿದಾಗ ಮನೆಯವರೆಲ್ಲ ನಕ್ಕಿದ್ದೆವು. ಅಪ್ಪ ಮಾತ್ರ ನಗಲಿಲ್ಲ. ಕಾಗದ ಹಿಡಿದ ಒಬ್ಬ ಬಡಕಲು ಬಿಳಿ ದೊರೆ ಬೆರಳು ತೋರಿಸಿದ ಕಡೆ ಸಾವಿರ ಜನ ಬಂಡೆ ಒಡೆಯುವುದನ್ನು ಅವನು ಕಣ್ಣಾರೆ ಕಂಡಿದ್ದ. ಆ ಕಾಗದದಲ್ಲಿ ಏನಿದೆ ಎಂದು ತನ್ನ ಮಗನಿಗಾದರೂ ತಿಳಿಯಬೇಕು ಎಂದು ಪಟ್ಟು ಹಿಡಿದ. ದಿಂಡಿಗಲ್ಲಿನಲ್ಲಿ ಅವ್ವನ ಅಣ್ಣ, ನನ್ನ ಸೋದರಮಾವ, ಹೊಗೆಸೊಪ್ಪಿನ ಮಂಡಿಯಲ್ಲಿದ್ದ. ಉತ್ತಮಪಾಳಯದ ಮೇಲೆ ಹಾದು ಮೂರು ದಿನ ಗಾಡಿಯಲ್ಲಿ ಕುಕ್ಕಿಸಿಕೊಂಡು ಹೋಗಿ ಅವನ ಮನೆ ಸೇರಿದೆ. ಅಲ್ಲಿ ಎಲ್ಲಕ್ಕೂ ಹೊಗೆಸೊಪ್ಪಿನ ವಾಸನೆ. ಅನ್ನಕ್ಕೂ, ಹಾಸಿಗೆಗೂ, ಮಾವನ ಮೀಸೆಗೂ. ಪಾದ್ರಿಗಳ ಶಾಲೆ, ಮತ ಬಿಡಿಸಿಬಿಡುತ್ತಾರೆ ಎಂದು ಊರವರು ಹೆದರಿಸಿದ್ದರು. ಅಜ್ಜಿಗೆ ಆ ಭಯವಿರಲಿಲ್ಲ. ಗಾಡಿ ಹತ್ತುವಾಗ ನನ್ನ ಗದ್ದ ಹಿಡಿದು, "ನಾಲ್ಗೆ ಅಂಗೇ ವಾಪಸ್ ತತ್ತಾ" ಎಂದಿದ್ದಳು.

ಶಾಲೆಯಲ್ಲಿ ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆ ಆರಿಸಿಕೊಳ್ಳಬೇಕಿತ್ತು. ತಮಿಳು ಪಂಡಿತರು ನನ್ನಿಂದ ಒಂದು ಪದ್ಯ ಓದಿಸಿ, ನನ್ನ ಉಚ್ಚಾರಣೆಗೆ ಹೊಟ್ಟೆ ಹಿಡಿದುಕೊಂಡು ನಕ್ಕು, "ಇವನನ್ನು ಲ್ಯಾಟಿನ್ನಿಗೆ ಕಳಿಸಿ" ಎಂದರು. ಹಾಗೆ ನಾನು ಲ್ಯಾಟಿನ್ ತರಗತಿಗೆ ಹೋಗಿ ಬಿದ್ದೆ. ನಾವು ಇದ್ದದ್ದು ಐದೇ ಜನ. ಕಲಿಸುತ್ತಿದ್ದವರು ಒಬ್ಬ ಮುದಿ ಪಾದ್ರಿ. ಎದೆಯವರೆಗೆ ಬಿಳಿ ಗಡ್ಡ, ಬೆನ್ನು ಬಾಗಿತ್ತು, ಕೈ ಮಾತ್ರ ಉಳುವವನ ಕೈ. ಗಡ್ಡದ ಸಾಮಿ ಎಂದೇ ಹುಡುಗರು ಅವರನ್ನು ಕರೆಯುತ್ತಿದ್ದರು. ನಮ್ಮೊಂದಿಗೆ ಪುಸ್ತಕದ ತಮಿಳಿನಲ್ಲಿ ಮಾತಾಡುತ್ತಿದ್ದರು, ಉಳಿದ ಪಾದ್ರಿಗಳೊಂದಿಗೆ ಫ್ರೆಂಚ್, ಇನ್‌ಸ್ಪೆಕ್ಟರ್ ಬಂದರೆ ಇಂಗ್ಲಿಷ್, ದೇವರ ಮುಂದೆ ಲ್ಯಾಟಿನ್. ಒಬ್ಬ ಮನುಷ್ಯನ ಬಾಯಲ್ಲಿ ಇಷ್ಟು ಭಾಷೆ ಹಿಡಿಸುತ್ತದೆಂದು ನಾನು ಬೆರಗಾಗಿ ಅವರ ಬಾಯನ್ನೇ ನೋಡುತ್ತ ಕೂತುಬಿಡುತ್ತಿದ್ದೆ. ಅದಕ್ಕಾಗಿ ಎರಡು ಸಲ ಬೆತ್ತದ ಏಟೂ ತಿಂದೆ.

ಮಳೆಗಾಲದ ಒಂದು ಸಂಜೆ ಮರೆತ ಸ್ಲೇಟು ತರಲು ಶಾಲೆಗೆ ಓಡಿದೆ. ಪಾದ್ರಿಗಳ ಮನೆಯ ಹಿಂದೆ ಒಂದು ಚಪ್ಪರ, ಅದರ ಕೆಳಗೆ ಒಂದು ಕಂದು ಹಸು. ಗಡ್ಡದ ಸಾಮಿ ಕುಕ್ಕರಗಾಲಲ್ಲಿ ಕೂತು ಅದರ ಗೊರಸಿನಿಂದ ಮುಳ್ಳು ಕೀಳುತ್ತಿದ್ದರು, ಕೀಳುತ್ತ ಅದರ ಜೊತೆ ಮಾತಾಡುತ್ತಿದ್ದರು. ನಾನು ಗೋಡೆಗೆ ಆನಿಕೊಂಡು ನಿಂತೆ. ಅದು ತಮಿಳಲ್ಲ, ಇಂಗ್ಲಿಷಲ್ಲ, ಲ್ಯಾಟಿನ್ ಅಲ್ಲ. ಫ್ರೆಂಚಿನ ಹಾಗೆ ಮೂಗಿನಿಂದಲೂ ಬರುತ್ತಿರಲಿಲ್ಲ. ಗಂಟಲಿನಿಂದ, ಗಡುಸಾಗಿ, ಆದರೂ ಮುದ್ದಾಗಿ ಬರುತ್ತಿತ್ತು. ತರಗತಿಯಲ್ಲಿ ನಾನು ಎಂದೂ ಕೇಳಿರದ ಒಂದು ದನಿ. ನಮ್ಮ ಮನೆಯಲ್ಲಿ ಬೆಳೆದ ಯಾರಿಗೂ ಅಲ್ಲಿ ಅನುಮಾನ ಬರುತ್ತಿರಲಿಲ್ಲ. ದನದ ಜೊತೆ ಆಡುವ ಮಾತು ಎಂದರೆ ಅದು ಅವರ ಮನೆಮಾತು. ಉಳಿದದ್ದೆಲ್ಲ ಜಗಲಿಯ ಮಾತು.

"ಸಾಮಿ, ಅದು ನಿಮ್ಮ ಮನೆಯ ಮಾತಲ್ಲವಾ?" ಎಂದು ತಮಿಳಿನಲ್ಲಿ ಕೇಳಿಯೇಬಿಟ್ಟೆ.

ಅವರು ಬೆಚ್ಚಿ ತಿರುಗಿದರು. ಬೈಯುತ್ತಾರೆಂದು ನಾನು ಒಂದು ಕಾಲು ಹಿಂದಿಟ್ಟೆ.

"ನಿನಗೆ ಯಾರು ಹೇಳಿದರು?"

"ಯಾರೂ ಇಲ್ಲ ಸಾಮಿ. ಹಸುವಿಗೆ ಹೇಳುತ್ತಿದ್ದಿರಲ್ಲ, ಅದಕ್ಕೆ."

ಅವರು ಕಿತ್ತ ಮುಳ್ಳನ್ನು ಆಚೆ ಎಸೆದರು. ತಾವು ಹುಟ್ಟಿದ್ದು ಸ್ಪೇನ್ ದೇಶದ ಒಂದು ಬೆಟ್ಟದ ಹಳ್ಳಿಯಲ್ಲಿ, ಅದು ಸ್ಪಾನಿಷ್, ಹತ್ತು ವರ್ಷದವರಿದ್ದಾಗ ಪಾದ್ರಿಗಳ ಮಠಕ್ಕೆ ಸೇರಿಸಿದರು, ಆಮೇಲೆ ಮನೆ ಕಾಣಲಿಲ್ಲ ಎಂದರು. ಈ ದೇಶದಲ್ಲಿ ಅದನ್ನು ಬಲ್ಲವರು ಯಾರೂ ಸಿಗಲಿಲ್ಲವಂತೆ. ನನಗೆ ಕಲಿಸಿ ಎಂದೆ. ಶಾಲೆಯ ಪಟ್ಟಿಯಲ್ಲಿ ಇಲ್ಲ, ಪರೀಕ್ಷೆಗೆ ಬರುವುದಿಲ್ಲ, ನಿನಗೇನು ಉಪಯೋಗ ಎಂದರು. ಪರೀಕ್ಷೆಯ ಭಾಷೆಗಳು ಸಾಕಷ್ಟಿವೆ ಸಾಮಿ ಎಂದು ನಾನು ಹೇಳಿದ್ದಕ್ಕೆ ಮೊದಲ ಬಾರಿ ಅವರು ನಕ್ಕದ್ದನ್ನು ನೋಡಿದೆ. ಮಾರನೆಯ ದಿನದಿಂದ ಲ್ಯಾಟಿನ್ ಮುಗಿದ ಮೇಲೆ ಅರ್ಧ ಗಂಟೆ, ಚಪ್ಪರದ ಕೆಳಗೆ, ಹಸುವಿನ ಮುಂದೆ ಪಾಠ. ಪುಸ್ತಕ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ಮುಟ್ಟಿ ಹೆಸರು ಹೇಳುತ್ತಿದ್ದರು. ಹಸು ಬಾಕಾ, ಹಾಲು ಲೆಚೆ, ಉಪ್ಪು ಸಾಲ್. ಎಲ್ಲಕ್ಕಿಂತ ಮೊದಲು 'ನೋ ಸೆ' ಕಲಿಸಿದ್ದರು, ಹಾಗೆಂದರೆ 'ಗೊತ್ತಿಲ್ಲ'. ಕಲಿಯುವವನಿಗೆ ದಿನವೂ ಬೇಕಾಗುವ ಮಾತು ಅದು ಎಂದರು. ನಾನೋ, ಸಿಕ್ಕ ಪ್ರತಿ ಮಾತನ್ನೂ ಹೊಗೆಸೊಪ್ಪಿನ ಮನೆಗೆ ಹೋಗುವವರೆಗೆ ಬಾಯಲ್ಲಿ ಹೊರಳಾಡಿಸುತ್ತಿದ್ದೆ. ಉಪ್ಪು ಅಲ್ಲಿಯೂ ಉಪ್ಪೇ; ಆದರೂ ಅದಕ್ಕೆ ಇನ್ನೊಂದು ಹೆಸರಿದೆ, ಆ ಹೆಸರು ಹಿಡಿದು ಯಾರೋ ಒಬ್ಬಳು ಕಡಲಾಚೆ ಪಕ್ಕದ ಮನೆಯಿಂದ ಉಪ್ಪು ಕೇಳುತ್ತಾಳೆ ಎಂದು ನೆನೆದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಈಗಲೂ ಅನ್ನುತ್ತದೆ, ಯಾರು ಬೇಕಾದರೂ ನಗಲಿ.

ಆ ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜಿ ಅಂಗಳದಲ್ಲಿ ಒರಳ ಮುಂದೆ ಕೂತಿದ್ದಳು. ಕಲಿತದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಹೇಳಿಬಿಟ್ಟೆ. ಪಾದ್ರಿಗಳ ಭಾಷೆ ಎಂದಿದ್ದರೆ ಅವಳು ತಲೆ ಎತ್ತುತ್ತಿರಲಿಲ್ಲವೋ ಏನೋ. ಸಾಮಿ ಅದನ್ನು ಹಸುವಿನ ಜೊತೆ ಆಡುತ್ತಾರೆ ಎಂದೊಡನೆ ಕೈ ನಿಲ್ಲಿಸಿದಳು.

"ಅಸಿನ್ ಕೂಡೆ ಆಡ್ತಾರಾ? ಅಂಗಾರೆ ಸರಿಯಾದ್ ಮಾತೇಯಾ. ಏನಂತಾರೆ ಅಸಿಗೆ?"

"ಬಾಕಾ."

"ಬಾಕಾ," ಎಂದಳು ಅವಳು ಬಾಯಿ ಅಗಲಿಸಿ. ಕೊಟ್ಟಿಗೆಯ ಕಡೆ ತಿರುಗಿ ನೋಡಿದಳು. ಯಾವ ಹಸುವೂ ಕೇಳಿಸಿಕೊಳ್ಳಲಿಲ್ಲ. "ಆಲ್ಗೆ? ಬೆಂಕೀಗೆ? ಈ ಒರಳ್ಗೆ ಏನಂತಾರ್ಲಾ?"

ಒರಳಿಗೆ ಏನೆನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಅದು ದೊಡ್ಡ ಕೊರತೆಯಾಗಿ ಕಂಡಿತು. ಮೂರು ತಿಂಗಳು ಕಲಿತು ಒರಳನ್ನೇ ಕಲಿಯದಿದ್ದರೆ ಅದೆಂಥ ಪಾಠ ಎಂದು ಗೊಣಗಿದಳು. ರಜೆ ಮುಗಿಯುವವರೆಗೆ ನನ್ನನ್ನು ಮನೆಯಲ್ಲಿ ಸುತ್ತಿಸಿ, ಸೌಟು, ಮೊರ, ನೆಲುವು, ಗುಡಾಣ, ಕಣ್ಣಿ ಹಗ್ಗ, ಕರುವಿನ ಬಾಯಿಕುಕ್ಕೆ, ಹೀಗೆ ತೋರಿಸಿ ತೋರಿಸಿ, ಇವನ್ನೆಲ್ಲ ಕೇಳಿಕೊಂಡು ಬಾ ಎಂದು ಅಪ್ಪಣೆ ಮಾಡಿದಳು. ನಾನು ಅದೆಲ್ಲವನ್ನೂ ತಲೆಯಲ್ಲಿ ತುಂಬಿಕೊಂಡು ದಿಂಡಿಗಲ್ಲಿಗೆ ಹೋದೆ.

ಸಾಮಿಗಳಿಗೆ ಆ ಪಟ್ಟಿ ಒಪ್ಪಿಸಿದ ದಿನದಿಂದ ಪಾಠದ ರೀತಿಯೇ ಬದಲಾಯಿತು. ಒಂದೊಂದು ಸಾಮಾನನ್ನೂ ನಾನು ಕೈ ಆಡಿಸಿ ತೋರಿಸಬೇಕು. ಅವರು ಕಣ್ಣು ಮುಚ್ಚಿಕೊಂಡು ತಮ್ಮ ತಾಯಿಯ ಅಡುಗೆಮನೆಯೊಳಕ್ಕೆ ಹೋಗಬೇಕು. ಕೆಲವು ಹೆಸರು ಥಟ್ಟನೆ ಬರುತ್ತಿದ್ದವು, ಕೆಲವಕ್ಕೆ ಎರಡು ದಿನ ಹಿಡಿಯುತ್ತಿತ್ತು. ಒರಳಿನ ಹೆಸರು ಸಿಕ್ಕ ದಿನ ತರಗತಿಯ ನಡುವೆ, ಲ್ಯಾಟಿನ್ ಕ್ರಿಯಾಪದ ಬರೆಸುತ್ತಿದ್ದವರು ನಿಲ್ಲಿಸಿ, "ಮೊರ್ತೆರೊ!" ಎಂದು ನನ್ನ ಕಡೆ ನೋಡಿ ಕೂಗಿದರು. ಉಳಿದ ನಾಲ್ವರೂ ಅದನ್ನು ಬರೆದುಕೊಂಡರು. ಅವರ ಅಡುಗೆಮನೆಯಲ್ಲಿ ಒಲೆಯ ಮೇಲೆ ಸೂರಿನಿಂದ ಒಂದು ಸರಪಳಿ ಇಳಿಬಿದ್ದಿತ್ತಂತೆ, ಅದರ ಕೊಕ್ಕೆಗೆ ಪಾತ್ರೆ. ಚಳಿಗಾಲದಲ್ಲಿ ಬಾಗಿಲವರೆಗೂ ಹಿಮ. ದನಗಳು ಮನೆಯ ಕೆಳಗೇ ಇರುತ್ತಿದ್ದವು. ಮೇಲೆ ಹಲಗೆಯ ನೆಲ, ಅದರ ಮೇಲೆ ಇವರ ಹಾಸಿಗೆ. ದನಗಳ ಉಸಿರಿನ ಬಿಸಿ ಹಲಗೆಯ ಸಂದಿನಿಂದ ಬರುತ್ತಿತ್ತು ಎಂದು ಹೇಳುವಾಗ ಸಾಮಿಗಳು ಅಂಗೈಯನ್ನು ನೆಲದ ಕಡೆ ಹಿಡಿದು ಕಾಯಿಸಿಕೊಂಡರು, ದಿಂಡಿಗಲ್ಲಿನ ಆ ಸುಡುಬಿಸಿಲಿನಲ್ಲಿ. ಬೇಸಿಗೆ ರಜೆಗೆ ನಾನು ಇದನ್ನೆಲ್ಲ ಅಜ್ಜಿಗೆ ಹೇಳಿದೆ. ದನ ಕೆಳಗೆ, ಜನ ಮೇಲೆ ಎಂದದ್ದಕ್ಕೆ ಅವಳು ಮೂಗಿನ ಮೇಲೆ ಬೆರಳಿಟ್ಟಳು.

"ಅಂಗಾರೆ ಅವ್ರೂ ನಮ್ಮಂಗೇಯಾ. ಯಾವ್ ಕಾಲ್ದಾಗೋ ದಾರಿ ತಪ್ಪಿ ಅತ್ಲಾಗ್ ಓಗವ್ರೆ."

ಹೀಗೆ ಒಬ್ಬರನ್ನೊಬ್ಬರು ಎಂದೂ ಕಾಣದ ಇಬ್ಬರು ಮುದುಕರು ನನ್ನ ಬಾಯಿಯ ಮೂಲಕ ತಮ್ಮ ತಮ್ಮ ಅಡುಗೆಮನೆ ತೋರಿಸಿಕೊಂಡರು. ನನಗೆ ಹದಿನಾಲ್ಕು ವರ್ಷ. ನಾನೊಬ್ಬ ಮಹಾ ಪಂಡಿತನೆಂಬ ಜಂಬ ಬಂದಿತ್ತು. ಆ ಜಂಬದಲ್ಲೇ ನಾನು ಎಡವಿದ್ದು. ಕಡೆಗೋಲಿನ ಹೆಸರು ಮಾತ್ರ ಸಾಮಿಗಳಿಗೆ ಸಿಕ್ಕಿರಲಿಲ್ಲ. ಕೋಲು ಕಾಣುತ್ತದೆ, ಅದನ್ನು ಹಿಡಿದ ಅವ್ವನ ಕೈ ಕಾಣುತ್ತದೆ, ಹೆಸರು ಬರುವುದಿಲ್ಲ ಎಂದು ಅವರು ವಾರಗಟ್ಟಲೆ ಹಣೆ ಹಣೆ ಬಡಿದುಕೊಂಡರು. ಕೊನೆಗೊಂದು ದಿನ, "ಹೋಯಿತು ಮಗು, ಅದು ನನ್ನಿಂದ ಹೋಗಿಬಿಟ್ಟಿದೆ" ಎಂದು ಮುಖ ತಿರುಗಿಸಿಕೊಂಡರು. ಎರಡನೆಯ ಸಂಕ್ರಾಂತಿಗೆ ಊರಿಗೆ ಹೋದವನು, ಮೊಸರು ಕಡೆಯುತ್ತಿದ್ದ ಅಜ್ಜಿಯ ಮುಂದೆ ಕೂತು ಇದನ್ನೂ ತಮಾಷೆಯ ಸುದ್ದಿಯೆಂಬಂತೆ ಹೇಳಿದೆ. ಹಗ್ಗ ಎಳೆಯುತ್ತಿದ್ದ ಅವಳ ಕೈ ನಿಂತಿತು.

"ಅವ್ರವ್ವ ಕಡ್ದ ಕೋಲ್ನ ಎಸ್ರು ಮರ್ತವ್ರಾ?"

"ಹತ್ತು ವರ್ಷಕ್ಕೇ ಮನೆ ಬಿಟ್ಟರಲ್ಲ ಅಜ್ಜಿ. ಆಡೋರು ಯಾರೂ ಇರಲಿಲ್ಲ."

ಅಜ್ಜಿ ಎದ್ದು ನೇರ ಜಗಲಿಗೆ ಹೋದಳು. ಗಂಡಸರು ಕೂತಿದ್ದ ಜಗಲಿಗೆ ಅವಳು ಹೋದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಪ್ಪನಿಗೆ ಹೇಳಿದಳು:

"ಮರಿ ಇನ್ ಪಳ್ಳಿಕೂಡಕ್ಕೆ ಓಗಾದ್ ಬ್ಯಾಡ. ಇಲ್ಲೇ ಇರ್ಲಿ."

"ಯಾಕವ್ವಾ? ಏನಾಯ್ತು?"

"ಅಷ್ಟ್ ಓದ್ದೋರು, ಸಾಮಿ ಆದೋರು, ಅವ್ರಿಗೇ ಅವ್ವನ್ ಮಾತು ಉಳೀಲಿಲ್ಲ. ಇವ್ನಿಗ್ ಉಳೀತದಾ? ನಾ ಸತ್ ಮ್ಯಾಲೆ ಇವ್ನು ಅಟ್ಟೀಗ್ ಬಂದು ಕೊಟ್ಟಿಗ್ಯಾಗೆ ಬಾಯ್ ಬಿಡಾಕ್ ಆಗ್ದೆ ನಿಂತ್ಕಂಡ್ರೆ?"

ಅಪ್ಪನಿಗೆ ಸಿಟ್ಟು ಬಂತು. ಬೆಟ್ಟವನ್ನೇ ಕೊರೆಯುತ್ತಿರುವ ಕಾಲದಲ್ಲಿ ನೀನು ಕಡೆಗೋಲಿನ ಮಾತಾಡುತ್ತೀಯಲ್ಲ ಎಂದ. ಆ ಮೂರು ದಿನ ಮನೆ ಮನೆಯಾಗಿರಲಿಲ್ಲ. ಅಪ್ಪ ಮುಖ ಊದಿಸಿಕೊಂಡು ಜಗಲಿಯಲ್ಲೇ ಉಂಡ. ಅಜ್ಜಿ ಅಂಬಲಿಯನ್ನು ಅವ್ವನ ಕೈಲಿ ಕಳಿಸಿದಳು. ಇಬ್ಬರಿಗೂ ಬಡಿಸುತ್ತಿದ್ದ ಅವ್ವ ಯಾರ ಕಡೆಗೂ ಮಾತಾಡದೆ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ನಾನು ಹುಲ್ಲು ಬಣವೆಯ ಹಿಂದೆ ಕೂತು ಅತ್ತೆ. ಶಾಲೆ ಹೋಗುತ್ತದೆಂದಲ್ಲ, ಲ್ಯಾಟಿನ್ ಹೋದರೆ ಹೋಗಲಿ. ನನ್ನ ಅರ್ಧ ಗಂಟೆ ಹೋಗುತ್ತದೆ, ಆ ಚಪ್ಪರ ಹೋಗುತ್ತದೆ, ಸಾಮಿಗಳ ಮಾತಿನಲ್ಲಿ ಅರ್ಧ ಕಟ್ಟಿದ ಆ ಇನ್ನೊಂದು ಮನೆ ಹಾಗೇ ಸೂರಿಲ್ಲದೆ ನಿಂತುಬಿಡುತ್ತದೆ ಎಂದು ಅತ್ತೆ. ನಾಲ್ಕನೆಯ ದಿನ ಅಪ್ಪನೇ ಸೋತು, "ಕಂತೆ ಇಡಾನ" ಎಂದ. ನಮ್ಮಲ್ಲಿ ದೇವರ ಹಿಂಡಿಗೆ ಪಟ್ಟದ ಹೋರಿಯನ್ನು ಆರಿಸುವುದು ಕಬ್ಬಿನ ಕಂತೆ ಇಟ್ಟು. ನಮ್ಮ ಮನೆಯಲ್ಲಿ, ತಾಯಿ ಮಕ್ಕಳ ನಡುವೆ ತೀರದ ಮಾತಿಗೂ ಅದನ್ನೇ ಮಾಡುತ್ತಿದ್ದರು. ಹರಕೆಯ ಹೋರಿಯ ಮುಂದೆ ಎರಡು ಕಂತೆ ಇಡಬೇಕು. ಒಂದಕ್ಕೆ ಅರಿಶಿನದ ದಾರ, ಒಂದಕ್ಕೆ ಬಿಳಿ ದಾರ. ಅದು ಮೊದಲು ಬಾಯಿ ಹಾಕಿದ್ದೇ ದೇವರ ತೀರ್ಪು. ಆಮೇಲೆ ಯಾರೂ ತುಟಿ ಪಿಟ್ಟೆನ್ನುವಂತಿಲ್ಲ. ಅರಿಶಿನದ್ದಕ್ಕೆ ಬಾಯಿ ಹಾಕಿದರೆ ನಾನು ಹೋಗುವುದು, ಬಿಳಿಯದಕ್ಕೆ ಹಾಕಿದರೆ ಉಳಿಯುವುದು ಎಂದು ನಿಗದಿಯಾಯಿತು. ಕಂತೆ ಕಟ್ಟುವುದು ಮನೆಯ ಹಿರಿಯರ ಕೆಲಸ, ಎಂದರೆ ಅಜ್ಜಿಯದೇ. ನನ್ನನ್ನು ಉಳಿಸಿಕೊಳ್ಳಬೇಕೆಂದವಳ ಕೈಗೇ ಎರಡು ಕಂತೆಯನ್ನೂ ಕೊಟ್ಟಿದ್ದರು.

ಆ ದಿನ ಮಧ್ಯಾಹ್ನ ಅವಳು ಕಬ್ಬಿನ ಸೋಗೆ ಸುಲಿಯುತ್ತ ಕೂತಿದ್ದಳು. ನಾನು ಮುನಿಸಿಕೊಂಡು ಕಂಬಕ್ಕೆ ಒರಗಿ ನಿಂತಿದ್ದೆ. ನನ್ನ ಕಡೆ ನೋಡದೆಯೇ ಕೇಳಿದಳು:

"ಆ ಸಾಮೀಗೆ ಅಕ್ಕ ತಂಗಿ ಅವ್ರಾ?"

"ಗೊತ್ತಿಲ್ಲ. ಇದ್ದರೂ ಅಲ್ಲೆಲ್ಲೋ ಇರಬೇಕು."

"ನೀ ಬರೋಕ್ ಮುಂಚೆ ಆ ಮಾತ್ನ ಯಾರ್ ಕೂಡೆ ಆಡೋರು?"

"ಹೇಳಿದ್ನಲ್ಲ ಅಜ್ಜಿ. ಹಸುವಿನ ಜೊತೆ."

"ಈಗ್ಲೂ ಆಡ್ತಾರಾ?"

"ಈಗ ಹಸು ಇಲ್ಲ. ಕಾರ್ತಿಕದಲ್ಲಿ ಸತ್ತುಹೋಯಿತು."

ಅವಳು ಕೈಯ ಸೋಗೆಯನ್ನು ಕೆಳಗಿಟ್ಟಳು. "ಪಾವ" ಎಂದಳು, ಪಾಪ ಎನ್ನುವುದಕ್ಕೆ ನಮ್ಮವರು ತಮಿಳಿನಿಂದ ತಂದುಕೊಂಡ ಮಾತು ಅದು, ನಡುಮನೆಯಲ್ಲಿ ಅವಳ ಬಾಯಿಂದ ಜಾರಿದ್ದನ್ನು ಅವಳೂ ಗಮನಿಸಲಿಲ್ಲ. ಸುಲಿದ ಕಬ್ಬನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಹೋರಿಯನ್ನು ಮೀಯಿಸಿ, ಹಣೆಗೆ ಅರಿಶಿನ ಬಳಿದು ಅಂಗಳಕ್ಕೆ ತಂದರು. ಹಿಂದಿನ ಸಂಜೆಯಿಂದ ಅದಕ್ಕೆ ಮೇವು ಹಾಕಿರಲಿಲ್ಲ. ಅಜ್ಜಿ ಒದ್ದೆ ಸೀರೆಯಲ್ಲಿ ಬಂದು ಎರಡು ಕಂತೆಗಳನ್ನು ಒಂದು ಮಾರು ದೂರ ದೂರ ಇಟ್ಟು, ಕೈ ಮುಗಿದು ಹಿಂದೆ ಸರಿದಳು. ಅಪ್ಪ ಹಗ್ಗ ಬಿಟ್ಟ. ನೆರೆಯ ನಾಲ್ಕು ಮನೆಯವರು ಗೋಡೆಯ ಮೇಲಿಂದ ನೋಡುತ್ತಿದ್ದರು. ಹೋರಿ ಮೊದಲು ಬಿಳಿ ದಾರದ ಕಡೆಗೇ ನಡೆಯಿತು. ಮೂಗು ತಗ್ಗಿಸಿತು. ಅದು ಒಮ್ಮೆ ಬುಸ್ಸೆಂದು ಉಸಿರು ಬಿಟ್ಟಿತು, ತಲೆ ಎತ್ತಿತು, ಗಾಳಿ ಮೂಸಿತು. ಆಮೇಲೆ ತಿರುಗಿ ಅರಿಶಿನದ ದಾರದ ಕಂತೆಗೆ ಹೋಗಿ, ಮೊದಲು ಅದನ್ನು ನೆಕ್ಕಿ, ಆಮೇಲೆ ಗಬಕ್ಕನೆ ಬಾಯಿ ಹಾಕಿತು. ಅಪ್ಪ ನೆಲ ಮುಟ್ಟಿ ನಮಸ್ಕಾರ ಮಾಡಿದ. ಗೋಡೆಯ ಮೇಲಿನವರು ದೇವರ ಹೆಸರು ಕೂಗಿದರು. ಕಂತೆಯಲ್ಲಿ ಉಳಿದದ್ದನ್ನು, ಯಾರ ಸಲುವಾಗಿ ಕಂತೆ ಇಟ್ಟರೋ ಅವರು ಪ್ರಸಾದವೆಂದು ಅಗಿಯಬೇಕು. ಬೇರೆ ಯಾರೂ ತಿನ್ನಬಾರದು. ಅಜ್ಜಿಯೇ ಒಂದು ತುಂಡು ಕಬ್ಬು ಮುರಿದು ನನ್ನ ಬಾಯಿಗಿಟ್ಟಳು.

ಉಪ್ಪು. ಕಬ್ಬಿನ ಸಿಹಿಗಿಂತ ಮೊದಲು ನಾಲಿಗೆಗೆ ಹತ್ತಿದ್ದು ಉಪ್ಪು. ಉಪ್ಪುನೀರಿನಲ್ಲಿ ಅದ್ದಿ ತೆಗೆದ ಕಂತೆ ಅದು. ಉಪ್ಪೆಂದರೆ ದನ ಪ್ರಾಣ ಬಿಡುತ್ತದೆಂದು ನಮ್ಮಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತು. ನಾನು ಅಗಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದೆ. ತನ್ನ ದೇವರಿಗೆ ಎದುರಾಗಿ, ತನ್ನ ಭಯಕ್ಕೂ ಎದುರಾಗಿ, ಎಲ್ಲರ ಕಣ್ಣೆದುರು, ಆ ಮುದುಕಿ ಇದನ್ನು ಮಾಡಿದ್ದಳು. ಆಣೆಕಟ್ಟನ್ನು ನಾನು ಆಮೇಲೆ ನೋಡಿದ್ದೇನೆ. ಬೆಟ್ಟದಿಂದ ನೀರು ಬಂದದ್ದನ್ನೂ ನೋಡಿದ್ದೇನೆ. ಆ ಬೆಳಿಗ್ಗೆಯಷ್ಟು ಬೆರಗು ನನಗೆ ಯಾವುದರಿಂದಲೂ ಆಗಲಿಲ್ಲ. ಅವಳು ಕಣ್ಣು ಕದಲಿಸಲಿಲ್ಲ.

"ಸೀ ಐತಾ ಮರಿ?"

"ಸೀ ಐತಜ್ಜಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ.

ದಿಂಡಿಗಲ್ಲಿಗೆ ವಾಪಸಾದಾಗ ಸಾಮಿಗಳು ಖಾಲಿ ಚಪ್ಪರದ ಕೆಳಗೆ ಮುಕ್ಕಾದ ಹಲಗೆಯ ಮೇಲೆ ಕೂತಿದ್ದರು. ಯಾಕೆ ಹತ್ತು ದಿನ ತಡ ಎಂದು ತಮಿಳಿನಲ್ಲಿ ಕೇಳಿದರು. ಜಗಳ, ಕಂತೆ, ಹೋರಿ ಎಲ್ಲವನ್ನೂ ನಾನೂ ತಮಿಳಿನಲ್ಲೇ ಹೇಳಿದೆ. ಉಪ್ಪಿನ ವಿಷಯಕ್ಕೆ ಬಂದಾಗ ನಾಲಿಗೆ ತಡೆಯಿತು. ಅದನ್ನು ತಮಿಳಿನಲ್ಲಿ ಬಾಯಿಬಿಟ್ಟರೆ ಮಾವನ ಮಂಡಿಗೆ ಮುಟ್ಟಬಹುದು, ಅಲ್ಲಿಂದ ಕಂಬಂಗೆ. ಮನೆಮಾತಿನಲ್ಲಂತೂ ಯಾರೊಂದಿಗೂ ಆಡುವಂತೆಯೇ ಇಲ್ಲ. ಆದರೆ ಅದನ್ನು ಯಾರಿಗಾದರೂ ಹೇಳದೆ ನನಗೆ ಇರಲಾಗುತ್ತಿರಲಿಲ್ಲ. ನನ್ನಲ್ಲಿದ್ದ ಸ್ಪಾನಿಷ್ ಅಡುಗೆಮನೆಯ ಸ್ಪಾನಿಷ್. ಮೋಸಕ್ಕೆ ಏನೆನ್ನುತ್ತಾರೆ, ದೇವರ ತೀರ್ಪಿಗೆ ಏನೆನ್ನುತ್ತಾರೆ ಎಂದು ನನಗೆ ಬರುತ್ತಿರಲಿಲ್ಲ. ಬಂದಷ್ಟನ್ನೇ ಹೇಳಿದೆ. ಅಜ್ಜಿ. ಉಪ್ಪು. ಹೋರಿ. ನನ್ನ ಅಜ್ಜಿ ಉಪ್ಪು ಹಾಕಿದಳು. ನಿಮಗೆ ಹಸು ಇಲ್ಲ, ಅದಕ್ಕೆ.

ಅವರಿಗೆ ಅರ್ಥವಾಯಿತು. ಮೊದಲು ನಕ್ಕರು, ಗಡ್ಡವೆಲ್ಲ ಅಲುಗುವಂತೆ. ನಗುತ್ತಿದ್ದವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ತಮ್ಮ ಮಾತಿನಲ್ಲೇ, ನನಗೆ ತಿಳಿಯುವಂತೆ ನಿಧಾನವಾಗಿ ಕೇಳಿದರು:

"ನಿನ್ನ ಅಜ್ಜಿಯ ಹೆಸರೇನು? ನಾಳೆ ಪೂಜೆಯಲ್ಲಿ ಆಕೆಯ ಹೆಸರು ಹಿಡಿದು ಬೇಡಿಕೊಳ್ಳಬೇಕು."

ನಾನು ಬಾಯಿ ತೆರೆದೆ. ನಮಗೆ ಅವಳು ಅಜ್ಜಿ, ಅಪ್ಪನಿಗೆ ಅವ್ವ, ಅವ್ವನಿಗೆ ಅತ್ತೆ, ಬೀದಿಯವರಿಗೆ ದೊಡ್ಡಮ್ಮ. ಅವಳ ಸೌಟಿಗೆ, ಮೊರಕ್ಕೆ, ಒರಳಿಗೆ ಎರಡೆರಡು ಭಾಷೆಯಲ್ಲಿ ಹೆಸರು ಕಲಿತಿದ್ದೆ. ಅವಳನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ಕೇಳಿರಲಿಲ್ಲ, ನಾನೂ ಒಂದು ದಿನವೂ ವಿಚಾರಿಸಿರಲಿಲ್ಲ.

"ನೋ ಸೆ," ಎಂದೆ.

ಬೇಸಿಗೆಯ ರಜೆಗೆ ಊರಿಗೆ ಹೋದವನು ಬಟ್ಟೆಯ ಗಂಟನ್ನೂ ಇಳಿಸದೆ ನೇರ ಅಡುಗೆಮನೆಗೆ ನುಗ್ಗಿದೆ. ಅಜ್ಜಿ ಕಾಮಯಗೌಂಡನ್‌ಪಟ್ಟಿಯ ತನ್ನ ತವರಿನಿಂದ ಬಂದಿದ್ದ ಹುಣಸೆಹಣ್ಣು ಬಿಡಿಸುತ್ತ ಒಬ್ಬಳೇ ಇದ್ದಳು. ನಿನ್ನ ಹೆಸರೇನು ಎಂದು ಕೇಳಿದೆ. ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು, ಆಮೇಲೆ ಬಾಗಿಲ ಕಡೆ ನೋಡಿದಳು. ಅವಳಿಗಿಂತ ಹಿರಿಯರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ, ಆದರೂ ನೋಡಿದಳು.

"ಯಾಕ್ಲಾ? ಯಾರಾನಾ ಕೇಳಿದ್ರಾ?"

"ಸಾಮಿ ಕೇಳಿದರು."

ಅವಳು ಕೈ ಒರೆಸಿಕೊಂಡಳು. ಒಂದು ಕ್ಷಣ ಅವಳೇ ನೆನಪು ಮಾಡಿಕೊಳ್ಳುತ್ತಿರುವಂತೆ ಕಂಡಿತು. ನನ್ನ ತಲೆಯನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು. ಆಮೇಲೆ ನೆಟ್ಟಗೆ ಕೂತು, "ನಮ್ಮವ್ವ ಓದ್ ಮ್ಯಾಲೆ ಯಾರೂ ಕರ್ದಿಲ್ಲ. ನೀ ಒಂದ್ ಸಲ ಕರೀ, ಕೇಳ್ತೀನಿ" ಎಂದಳು.

ಹಿರಿಯರ ಹೆಸರು ಹಿಡಿದು ಕರೆಯುವುದು ನಮ್ಮ ಮನೆಯಲ್ಲಿ ಮಹಾಪರಾಧ. ನಾನು ಗಂಟನ್ನು ನೆಲಕ್ಕಿಟ್ಟೆ.

"ಕೆಂಚವ್ವ," ಎಂದೆ.

"ಊಂ," ಎಂದು ಅಜ್ಜಿ ಓಗೊಟ್ಟಳು.